ಹೊಳೆಗೆ ಮುಖ, ಕಡಲಿಗೆ ಬೆನ್ನು: ಹೊನ್ನಾವರದ ಭೂಗೋಳ

ಹೊನ್ನಾವರವನ್ನು ಎಲ್ಲರೂ ಕಡಲ ತೀರದ ಊರು ಅನ್ನುತ್ತಾರೆ. ಆದರೆ ಪೇಟೆಯ ನಡುವೆ ನಿಂತು ನೋಡಿದರೆ ಕಡಲು ಕಣ್ಣಿಗೆ ಬೀಳುವುದಿಲ್ಲ. ಬಂದರಿಗೆ ಇಳಿದರೆ ಎದುರಿಗಿರುವುದು ಶರಾವತಿ ಹೊಳೆ. ಅದರಾಚೆ ಕಾಸರಕೋಡಿನ ಉದ್ದನೆಯ ಮರಳು ಪಟ್ಟಿ, ಅದರ ಮೇಲಿನ ಗಾಳಿಮರಗಳ ಸಾಲು. ಅರಬ್ಬೀ ಸಮುದ್ರ ಅದಕ್ಕೂ ಆಚೆ. ಊರು ಕುಳಿತಿರುವುದೇ ಹೊಳೆಗೆ ಮುಖ ಮಾಡಿ. ಇಲ್ಲಿನ ಬಾವಿನೀರು, ಮೀನು, ವ್ಯಾಪಾರ, ಕೊನೆಗೆ ಜನರ ಮಾತಿನ ಬಗೆ ಕೂಡ ಹೊಳೆ ಕಡಲಿಗೆ ಸೇರುವ ಆ ಒಂದು ಬಾಯಿಯಿಂದ, ಅಂದರೆ ಅಳಿವೆಯಿಂದ, ರೂಪ ಪಡೆದಿವೆ ಎಂಬುದೇ ಇವತ್ತು ಹೇಳಬೇಕಾದ ಮಾತು.

ಮೊದಲು ನಕ್ಷೆ. ಕುಮಟಾ ಕಡೆಯಿಂದ ಹೆದ್ದಾರಿ 66ರಲ್ಲಿ ಬಂದರೆ ಹಳದೀಪುರ, ಕರ್ಕಿ ದಾಟಿ ಊರು ಸಿಗುತ್ತದೆ. ಕರ್ಕಿಯ ಹತ್ತಿರ ಬಡಗಣಿ ಹೊಳೆ. ಅದೂ ಶರಾವತಿಯ ಅಳಿವೆಯ ಹತ್ತಿರವೇ ಕಡಲು ಸೇರುತ್ತದೆ. ಊರಿನ ತೆಂಕಣಕ್ಕೆ ಶರಾವತಿ, ಸೇತುವೆ ದಾಟಿದರೆ ಕಾಸರಕೋಡು, ಮುಂದೆ ಅಪ್ಸರಕೊಂಡ, ಮಂಕಿ. ಮೂಡಣಕ್ಕೆ ಗೇರುಸೊಪ್ಪೆ, ಜೋಗ, ಸಾಗರದ ಕಡೆಗೆ ಘಟ್ಟ ಹತ್ತುವ ಹೆದ್ದಾರಿ. ಹಳೆಯ ಲೆಕ್ಕದಲ್ಲಿ 206, ಈಗಿನ ಲೆಕ್ಕದಲ್ಲಿ 69. ಕಡಲೊಳಗೆ, ಅಳಿವೆಯ ವಾಯವ್ಯಕ್ಕೆ ಬಸವರಾಜ ದುರ್ಗ ಎಂಬ ನಡುಗಡ್ಡೆ, ಕೆಳದಿ ಅರಸರ ಕೋಟೆಯದ್ದು. 2011ರ ಜನಗಣತಿಯ ಪ್ರಕಾರ ಪಟ್ಟಣದ ಜನಸಂಖ್ಯೆ ಇಪ್ಪತ್ತು ಸಾವಿರದ ಒಳಗೆ. ಇಷ್ಟು ಚಿಕ್ಕ ಊರಿಗೆ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇದೆ: 2 ಕಿಲೋಮೀಟರಿಗೂ ತುಸು ಹೆಚ್ಚು.

ಶರಾವತಿ ಒಟ್ಟು ಸುಮಾರು 128 ಕಿಲೋಮೀಟರಿನ ಹೊಳೆ. ಅಷ್ಟು ಗಿಡ್ಡ ಹೊಳೆಗೆ ಎರಡು ಕಿಲೋಮೀಟರಿನ ಸೇತುವೆ ಯಾಕೆ ಬೇಕಾಯಿತು? ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಹೊಳೆ ಜೋಗದಲ್ಲಿ ಒಂದೇ ಏಟಿಗೆ 253 ಮೀಟರ್ ಕೆಳಗೆ ಬೀಳುತ್ತದೆ, ಆಮೇಲೆ ಕಣಿವೆಯಲ್ಲಿ ಉಳಿದ ಎತ್ತರವನ್ನೂ ಕಳೆದುಕೊಳ್ಳುತ್ತದೆ. ಗೇರುಸೊಪ್ಪೆ ತಲುಪುವ ಹೊತ್ತಿಗೆ ಅದು ಹೆಚ್ಚುಕಡಿಮೆ ಸಮುದ್ರ ಮಟ್ಟಕ್ಕೆ ಬಂದಿರುತ್ತದೆ. ಅಲ್ಲಿಂದ ಹೊನ್ನಾವರದವರೆಗಿನ ಸುಮಾರು ಮೂವತ್ತು ಕಿಲೋಮೀಟರಿನಲ್ಲಿ ಅದಕ್ಕೆ ಇಳಿಜಾರೇ ಇಲ್ಲ. ಹಿಮಯುಗದ ಕಾಲದಲ್ಲಿ ಜಗತ್ತಿನ ಕಡಲು ಈಗಿನದಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ಹೊಳೆಗಳು ಆಗ ತಗ್ಗು ಕೊರೆದುಕೊಂಡು ದೂರದ ಕಡಲಿಗೆ ಹೋಗುತ್ತಿದ್ದವು. ಹಿಮ ಕರಗಿ ಕಡಲು ಏರಿದಾಗ ಆ ತಗ್ಗುಗಳೊಳಗೆ ಉಪ್ಪುನೀರು ನುಗ್ಗಿತು. ಇವತ್ತು ನಾವು ಶರಾವತಿಯ ಅಗಲ ಅನ್ನುವುದು ಹೀಗೆ ಮುಳುಗಿಹೋದ ಕಣಿವೆ. ಘಟ್ಟದಿಂದ ಬಂದ ಹೂಳು ಅದರೊಳಗೆ ತಂಗಿ ಕುರ್ವೆಗಳು, ಅಂದರೆ ಹೊಳೆಯ ನಡುಗಡ್ಡೆಗಳು, ಆದವು. ಮಾವಿನಕುರ್ವೆಯಂಥ ಕುರ್ವೆಯ ಮೇಲೆ ಊರು, ತೆಂಗಿನ ತೋಟ, ಗುಡಿ ಎಲ್ಲ ಇವೆ. ನಿಂತ ನೆಲ ಮಾತ್ರ ಹೊಳೆ ತಂದು ಹಾಕಿದ್ದು.

ಇನ್ನು ಅಳಿವೆ. ಇದನ್ನು ತುಸು ನಿಧಾನವಾಗಿ ನೋಡಬೇಕು.

ಕಡಲ ಅಲೆ ದಡಕ್ಕೆ ನೇರವಾಗಿ ಬಂದು ಬಡಿಯುವುದು ಕಡಿಮೆ, ಓರೆಯಾಗಿ ಬರುವುದೇ ಹೆಚ್ಚು. ಓರೆ ಅಲೆ ಮರಳನ್ನು ಎತ್ತಿ ದಡದ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋಗುತ್ತದೆ. ಈ ಮರಳಿನ ನಡಿಗೆ ಹೊಳೆಯ ಬಾಯಿಗೆ ಬಂದಾಗ ಹೊಳೆನೀರು ಅದನ್ನು ತಡೆದು ಹೊರಕ್ಕೆ ತಳ್ಳುತ್ತದೆ. ಹೊಳೆಯ ತಳ್ಳುವಿಕೆ ಮತ್ತು ಅಲೆಯ ತಳ್ಳುವಿಕೆ ಎಲ್ಲಿ ಸರಿಸಮ ಆಗುತ್ತದೋ ಅಲ್ಲಿ ಮರಳು ಕೆಳಗಿಳಿದು ನೀರಿನಡಿ ಒಂದು ದಿಬ್ಬ ಆಗುತ್ತದೆ. ಕಾಸರಕೋಡಿನ ಟೊಂಕ ಈ ಮರಳಿನದೇ ಮೇಲೆದ್ದು ನಿಂತ ಭಾಗ. ಜೂನ್, ಜುಲೈನಲ್ಲಿ ಹೊಳೆ ಕೆಂಪಾಗಿ ತುಂಬಿ ಬಂದಾಗ ದಿಬ್ಬವನ್ನು ಕೊರೆದು ಹೊರಗೆ ಹಾಕುತ್ತದೆ. ಮಳೆ ನಿಂತ ಮೇಲೆ ಅಲೆಗಳು ಮೆತ್ತಗಾಗುತ್ತವೆ. ಮೆತ್ತಗಿನ ಉದ್ದಲೆಗಳು ಅದೇ ಮರಳನ್ನು ಮತ್ತೆ ಒಳಗೆ ತಂದು ಸುರಿಯುತ್ತವೆ. ಆದ್ದರಿಂದ ಅಳಿವೆಯ ದಾರಿ ಹೋದ ವರ್ಷ ಇದ್ದ ಜಾಗದಲ್ಲಿ ಈ ವರ್ಷ ಇರಬೇಕಾಗಿಲ್ಲ. ಹಳೆಯ ನಕ್ಷೆ ನಂಬಿ ಬೋಟು ನುಗ್ಗಿಸುವ ಹೊಸಬರು ಮರಳಿಗೆ ಸಿಕ್ಕಿಕೊಳ್ಳುವುದು ಇದರಿಂದಲೇ.

ಲೆಕ್ಕ ಹಾಕಿ ನೋಡೋಣ. ಒಂದು ಬೋಟಿನ ತಳ ನೀರಿನಲ್ಲಿ ಒಂದೂವರೆ ಮೀಟರ್ ಮುಳುಗಿರುತ್ತದೆ ಅಂದುಕೊಳ್ಳಿ. ಇಳಿತದ ಹೊತ್ತಿಗೆ ದಿಬ್ಬದ ಮೇಲೆ ಎರಡು ಮೀಟರ್ ನೀರಿದೆ. ಅರ್ಧ ಮೀಟರ್ ಉಳಿಯಿತಲ್ಲ, ಸಾಕು ಅನಿಸುತ್ತದೆ. ಆದರೆ ಒಂದು ಮೀಟರ್ ಎತ್ತರದ ಅಲೆ ಬರುತ್ತಿದ್ದರೆ, ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ನೀರು ಅರ್ಧ ಮೀಟರ್ ಕೆಳಗಿಳಿಯುತ್ತದೆ. ಉಳಿದದ್ದು ಸೊನ್ನೆ. ಬೋಟು ತಳ ತಾಗುತ್ತದೆ, ವೇಗ ಸಾಯುತ್ತದೆ, ಚುಕ್ಕಾಣಿ ಕೇಳುವುದಿಲ್ಲ. ಹಿಂದಿನಿಂದ ಬಂದ ಅಲೆ ಹಿಂಭಾಗವನ್ನು ಎತ್ತಿ ಪಕ್ಕಕ್ಕೆ ತಿರುಗಿಸುತ್ತದೆ. ಅಡ್ಡ ನಿಂತ ಬೋಟನ್ನು ಮಗುಚುವುದು ಮುಂದಿನ ಅಲೆಯ ಕೆಲಸ. ಅಳಿವೆಯಲ್ಲಿ ಆಗುವ ದುರಂತಗಳ ಸಾಮಾನ್ಯ ಕ್ರಮ ಇದು, ಮತ್ತು ಅದು ಹೊರಗೆ ಹೋಗುವಾಗಿನದಕ್ಕಿಂತ ಒಳಗೆ ಬರುವಾಗ ಹೆಚ್ಚು, ಏಕೆಂದರೆ ಒಳಗೆ ಬರುವವನಿಗೆ ಅಲೆ ಬೆನ್ನಿನ ಕಡೆ ಇರುತ್ತದೆ. ಹೊರಗಿನಿಂದ ನೋಡುವವನಿಗೆ ಒಡೆಯುವ ಅಲೆಯ ಬಿಳಿ ನೊರೆಯೂ ಕಾಣುವುದಿಲ್ಲ, ಅಲೆಯ ನುಣುಪಾದ ಬೆನ್ನಷ್ಟೇ ಕಾಣುತ್ತದೆ.

ಭರತದ ಹೊತ್ತಿಗೆ ಇದೇ ದಿಬ್ಬದ ಮೇಲೆ ನೀರು ಒಂದೂವರೆ ಮೀಟರಿನಷ್ಟು ಏರಿರುತ್ತದೆ. ಈ ಭಾಗದಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಭರತ-ಇಳಿತದ ಅಂತರ ಒಂದೂವರೆಯಿಂದ ಎರಡು ಮೀಟರ್. ಅಷ್ಟಮಿಯ ಹೊತ್ತಿಗೆ ಅದು ಅರ್ಧಕ್ಕಿಳಿಯುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಎರಡು ಭರತಗಳು ಸಮ ಎತ್ತರದವಲ್ಲ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡ. ನಿನ್ನೆ ಬೆಳಿಗ್ಗೆ ಆರಕ್ಕೆ ಭರತ ಇದ್ದರೆ ಇವತ್ತು ಹತ್ತಿರ ಹತ್ತಿರ ಏಳಕ್ಕೆ. ತಿಥಿ ಗೊತ್ತಿದ್ದವನಿಗೆ ಕಡಲಿನ ಗಡಿಯಾರ ಅರ್ಧ ಗೊತ್ತಿದ್ದಂತೆ. ಒಳಬರಲು ಒಳ್ಳೆಯ ಹೊತ್ತು ಭರತದ ಕೊನೆಯ ಗಂಟೆ: ನೀರು ಆಳ ಇರುತ್ತದೆ, ಹರಿವು ಒಳಮುಖ ಇರುತ್ತದೆ, ಅಲೆ ಕಡಿದಾಗಿರುವುದಿಲ್ಲ. ಕೆಟ್ಟ ಹೊತ್ತು ಜೋರು ಇಳಿತ ಮತ್ತು ಪಡುವಣ ಗಾಳಿ ಎರಡೂ ಕೂಡಿದಾಗ. ಹೊರಗೆ ಓಡುವ ನೀರು ಒಳಗೆ ಬರುವ ಅಲೆಗೆ ಎದುರಾಗಿ, ಅಲೆ ಗಿಡ್ಡವಾಗಿ, ಕಡಿದಾಗಿ, ನಿಂತ ಜಾಗದಲ್ಲೇ ಒಡೆಯುತ್ತದೆ. ಮಳೆಗಾಲದಲ್ಲಿ ಇಳಿತದ ಜೊತೆ ನೆರೆಯೂ ಸೇರುವುದರಿಂದ ಇಂಥ ಹೊತ್ತು ದಿನದ ಬಹುಪಾಲು ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧವನ್ನು ಮೀನಿನ ಸಂತಾನಕ್ಕಾಗಿ ಎನ್ನುತ್ತಾರೆ, ಅದು ನಿಜ. ಆದರೆ ಕಾನೂನು ಇಲ್ಲದಿದ್ದ ಕಾಲದಲ್ಲೂ ಅಳಿವೆ ಹಡಗುಗಳಿಗೆ ಇಂಥದೇ ನಿಷೇಧವನ್ನು ತಾನೇ ಹಾಕಿತ್ತು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತಾ, ದೊಡ್ಡ ಹಡಗುಗಳು ಒಳಬರುವ ಹಿನ್ನೀರಿನ ದಡದ ಊರು ಎಂದು ಹೊನ್ನಾವರವನ್ನು ವರ್ಣಿಸಿ, ಮಳೆಯ ನಾಲ್ಕು ತಿಂಗಳು ಮೀನು ಹಿಡಿಯುವವರ ಹೊರತು ಯಾರೂ ನೀರಿಗಿಳಿಯಲಾರರು ಎಂಬರ್ಥದ ಮಾತು ಬರೆದಿದ್ದಾನೆ. ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆ ಎಂದದ್ದೂ ಅವನೇ.

ಅವನ ಕಾಲದ ಹಡಗಿಗೆ ಈ ಬಾಯಿ ಸಾಕಾಗಿತ್ತು. ಘಟ್ಟದ ಕಾಳುಮೆಣಸು ಗೇರುಸೊಪ್ಪೆಯವರೆಗೆ ಹೇರಿನಲ್ಲಿ ಇಳಿದು, ಅಲ್ಲಿಂದ ಭರತ-ಇಳಿತ ನೋಡಿಕೊಂಡು ದೋಣಿಯಲ್ಲಿ ಅಳಿವೆಗೆ ಬರುತ್ತಿತ್ತು. ಗೇರುಸೊಪ್ಪೆ ರಾಜಧಾನಿಯಾದದ್ದು, ಹೊನ್ನಾವರ ಬಂದರಾದದ್ದು ಈ ಮೂವತ್ತು ಕಿಲೋಮೀಟರಿನ ಸಮತಟ್ಟು ನೀರಿನ ದಾರಿಯಿಂದ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದು ಪ್ರಸಿದ್ಧ. 1510ರಲ್ಲಿ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕನನ್ನು ಗೋವೆಯ ಕಡೆ ತಿರುಗಿಸಿದ, ಹಡಗುಪಡೆಯ ನಾಯಕ ತಿಮ್ಮೋಜನ ನೆಲೆಯೂ ಇದೇ ಅಳಿವೆ. ಪೋರ್ಚುಗೀಸರು, ಕೆಳದಿಯವರು, ಹೈದರ್-ಟಿಪ್ಪು, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಇದಕ್ಕಾಗಿ ಬಡಿದಾಡಿದರು. ಆ ಕಥೆ ಬೇರೆ ಕಡೆ ಸಾಕಷ್ಟು ಸಿಗುತ್ತದೆ. ಹಡಗಿನ ಗಾತ್ರ ಬೆಳೆದಂತೆ ದಿಬ್ಬದ ಮೇಲಿನ ನೀರು ಸಾಲದಾಯಿತು, ಆಳ ಕೊಲ್ಲಿಯಿದ್ದ ಕಾರವಾರಕ್ಕೆ ಮಹತ್ವ ಬಂತು. ಆಮೇಲೆ ರಸ್ತೆ, ರೈಲು ಬಂದು ಹೊಳೆಯನ್ನು ಅಡ್ಡ ದಾಟಿದವು. ಉದ್ದಕ್ಕೆ ಹರಿಯುತ್ತಿದ್ದ ವ್ಯಾಪಾರ ಅಡ್ಡಕ್ಕೆ ತಿರುಗಿತು. ಹೊನ್ನಾವರ ಊರಾಗಿಯೇ ಉಳಿಯಿತು.

ಮಣ್ಣು, ನೀರಿನ ವಿಷಯಕ್ಕೆ ಬರೋಣ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ಯಾಕೆ ಒಣಗುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ಗುಡ್ಡಗಳು ಚಿರೆಕಲ್ಲಿನವು. ಚಿರೆಕಲ್ಲು ತೂತುತೂತಾದ ಕಲ್ಲು. ಮೇಲೆ ಬಿದ್ದ ಮಳೆ ಅದರೊಳಗೆ ಬೇಗ ಇಳಿಯುತ್ತದೆ. ಅದರಡಿ ಶೇಡಿಯಂಥ ಮೆತ್ತನೆಯ ಜೇಡಿ ಪದರ. ನೀರು ಅಲ್ಲಿ ತಡೆದು ಪಕ್ಕಕ್ಕೆ ಹರಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಹಳೆಯ ಗುಡಿ, ಕೆರೆ, ಅಡಿಕೆ ತೋಟ ಎಲ್ಲ ಗುಡ್ಡದ ಬುಡದಲ್ಲೇ ಇರುವುದಕ್ಕೆ ಈ ಒರತೆಯೇ ಕಾರಣ. ಬೇಗ ಇಳಿದದ್ದು ಬೇಗ ಹರಿದೂ ಹೋಗುತ್ತದೆ, ಮಳೆ ನಾಲ್ಕೇ ತಿಂಗಳು. ಗುಡ್ಡದ ನೆತ್ತಿಯ ಮನೆಯ ಬಾವಿ ಮೊದಲು ಬತ್ತುತ್ತದೆ, ಬುಡದ್ದು ಕೊನೆಗೆ.

ಇದೇ ಪದರಗಳು ಇನ್ನೊಂದು ಅಪಾಯಕ್ಕೂ ಕಾರಣ. ಚಿರೆಕಲ್ಲಿನ ಗುಡ್ಡವನ್ನು ರಸ್ತೆಗಾಗಿ ನೇರ ಗೋಡೆಯಂತೆ ಕತ್ತರಿಸಿದರೆ ಅಡಿಯ ಜೇಡಿ ಪದರ ಹೊರಗೆ ತೆರೆದುಕೊಳ್ಳುತ್ತದೆ. ಮೇಲಿನಿಂದ ಇಳಿದ ನೀರು ಅದನ್ನು ಹದಗೊಳಿಸಿ ಜಾರುಬಂಡೆ ಮಾಡುತ್ತದೆ, ಮೇಲಿನ ಗಟ್ಟಿ ಕಲ್ಲು ಹಾಗೇ ಕುಸಿಯುತ್ತದೆ. ಇಡೀ ದಿನ ಮಳೆ ಹೊಡೆದು ನಿಂತ ಮೇಲೂ ಕುಸಿತ ಆಗಬಹುದು, ಏಕೆಂದರೆ ನೀರು ಜೇಡಿಗೆ ತಲುಪಲು ಹೊತ್ತು ಬೇಕು. ಇದೇ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಜಾರಿ ಜೀವಗಳು ಹೋದ ಮೇಲೆ ಈ ಮಾತನ್ನು ಯಾರೂ ಬರಿಯ ಪಾಠವೆಂದು ಕೇಳುವುದಿಲ್ಲ. ಕತ್ತರಿಸಿದ ಗುಡ್ಡದ ಮೇಲ್ಭಾಗದಲ್ಲಿ ಬಿರುಕು, ವಾಲಿದ ಮರ, ಎಂದೂ ಇಲ್ಲದ ಕಡೆ ಕೆಸರುನೀರಿನ ಒರತೆ ಇವು ಮೂರರಲ್ಲಿ ಒಂದು ಕಂಡರೂ ಅಲ್ಲಿ ವಾಹನ ನಿಲ್ಲಿಸಬಾರದು.

ಮರಳು ಪಟ್ಟಿಯ ಮೇಲಿನ ಬಾವಿಯ ಕಥೆ ಬೇರೆಯೇ. ಕಾಸರಕೋಡಿನ ಟೊಂಕಕ್ಕೆ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಆದರೂ ಅಂಥ ಮರಳಿನಲ್ಲಿ ಕೆಲವೇ ಅಡಿ ತೋಡಿದರೆ ಸಿಹಿನೀರು. ಮಳೆನೀರು ಉಪ್ಪುನೀರಿಗಿಂತ ಹಗುರ; ಮರಳಿನೊಳಗೆ ಇಳಿದ ಮಳೆ ಉಪ್ಪುನೀರಿನ ಮೇಲೆ ತೇಲುತ್ತಾ ನಿಲ್ಲುತ್ತದೆ. ಸಿಹಿನೀರಿನ ಮಟ್ಟ ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಕಡಲ ಮಟ್ಟಕ್ಕಿಂತ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ ಎಂಬುದು ಲೆಕ್ಕ. ಇದನ್ನು ತಿರುಗಿಸಿ ಓದಿದರೆ ಭಯವಾಗಬೇಕು: ಪಂಪು ಹಾಕಿ ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ, ಕಾಲಕ್ರಮೇಣ ಕೆಳಗಿನ ಉಪ್ಪು ನಲವತ್ತು ಅಡಿ ಮೇಲೇರುತ್ತದೆ. ಹೀಗಾಗಿ ಮರಳಿನ ಮೇಲೆ ಅಗಲವಾದ, ಆಳವಿಲ್ಲದ ಬಾವಿಯೇ ಸರಿ. ಹೋಂಸ್ಟೇ ಕಟ್ಟಿಸುವವರು ಮೊದಲು ಮಾಡುವ ಕೆಲಸ ಆಳದ ಬೋರ್‌ವೆಲ್. ಅದು ನೇರವಾಗಿ ಉಪ್ಪಿಗೆ ಕೊಳವೆ ಇಳಿಸಿದ ಹಾಗೆ. ಒಮ್ಮೆ ಉಪ್ಪೇರಿದ ಬಾವಿ ಪಂಪು ನಿಲ್ಲಿಸಿದ ಮಾರನೆಯ ದಿನ ಸರಿಯಾಗುವುದಿಲ್ಲ, ಮಳೆಗಾಲಗಳೇ ಬೇಕು. ಪಕ್ಕದ ಮನೆಯ ಬಾವಿಯೂ ಅದರ ಜೊತೆ ಹೋಗಿರುತ್ತದೆ.

ಹೊಳೆಯ ದಂಡೆಯ ತಗ್ಗು ಗದ್ದೆಗಳಿಗೆ ಈ ಸೀಮೆಯಲ್ಲಿ ಗಜನಿ ಅನ್ನುತ್ತಾರೆ. ಭರತದ ಉಪ್ಪುನೀರು ನುಗ್ಗದಂತೆ ಕಟ್ಟೆ, ಅದರಲ್ಲಿ ಹಲಗೆಯ ತೂಬು. ಮಳೆ ಉಪ್ಪನ್ನು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ತೂಬು ತೆರೆದು ಸಿಗಡಿ. ಏಡಿ ಕೊರೆದ ಒಂದು ಬಿಲವನ್ನು ಸಮಯಕ್ಕೆ ಮುಚ್ಚದಿದ್ದರೆ ಹುಣ್ಣಿಮೆಯ ಭರತಕ್ಕೆ ಕಟ್ಟೆಯೇ ಒಡೆಯುತ್ತದೆ. ಕಟ್ಟೆಯ ಹೊರಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ದಟ್ಟವಾಗಿದ್ದಲ್ಲಿ ಅಲೆಯ ಪೆಟ್ಟು ಕಡಿಮೆ, ಕಡಿದಲ್ಲಿ ರಿಪೇರಿ ಪ್ರತಿವರ್ಷ. ಈಗ ಅರಣ್ಯ ಇಲಾಖೆ ಶರಾವತಿಯ ಕಾಂಡ್ಲಾ ವನದೊಳಗೆ ಮರದ ಹಲಗೆಯ ನಡೆಹಾದಿ ಮಾಡಿದೆ. ಅಲ್ಲಿ ಹೋಗುವವರು ಇಳಿತದ ಹೊತ್ತು ನೋಡಿಕೊಂಡು ಹೋಗಬೇಕು, ಇಲ್ಲದಿದ್ದರೆ ಉಸಿರಾಡುವ ಬೇರುಗಳೆಲ್ಲ ನೀರಿನಡಿ ಇದ್ದು ಕಾಣುವುದು ಎಲೆ ಮಾತ್ರ.

ಇಷ್ಟೆಲ್ಲ ಉಪ್ಪು-ಸಿಹಿಯ ಮಾತಾಡಿದ ಮೇಲೆ ಅಸಲಿ ವಿಷಯ ಹೇಳಬೇಕು. ಶರಾವತಿಯ ಅಳಿವೆಯ ನೀರು ಮೊದಲಿನಷ್ಟು ಉಪ್ಪಾಗಿಲ್ಲ. ಅಣೆಕಟ್ಟು ಇಲ್ಲದ ಹೊಳೆಯಲ್ಲಿ ಒಂದು ಲಯ ಇರುತ್ತದೆ: ಮಳೆಗಾಲದಲ್ಲಿ ಅಳಿವೆಯವರೆಗೂ ಸಿಹಿನೀರು, ಬೇಸಿಗೆಯಲ್ಲಿ ಹೊಳೆ ಸಣಕಲಾಗಿ ಉಪ್ಪುನೀರು ಬಹಳ ಒಳಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ, ಅದರ ಕೆಳಗೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟಿನ ಇನ್ನೊಂದು. ಮಳೆಯ ನೀರನ್ನು ಮೇಲೆ ಹಿಡಿದಿಟ್ಟು ವರ್ಷವಿಡೀ ಟರ್ಬೈನಿನ ಮೂಲಕ ಬಿಡುವುದರಿಂದ ಬೇಸಿಗೆಯಲ್ಲೂ ಸಿಹಿನೀರು ಇಳಿಯುತ್ತಲೇ ಇರುತ್ತದೆ. ನೀರು ಬರುತ್ತಿದೆಯಲ್ಲ, ಒಳ್ಳೆಯದೇ ಆಯಿತು ಎಂದು ಘಟ್ಟದ ಮೇಲಿನವರಿಗೆ ಅನಿಸಬಹುದು. ಬೆಳಚಿಗೆ, ಅಂದರೆ ಹೊಳೆಯ ತಳದ ಚಿಪ್ಪುಜೀವಿಗೆ, ಹಾಗಲ್ಲ. ಬೆಳಚು ಓಡಿಹೋಗುವ ಜೀವಿಯಲ್ಲ, ಹೂತ ಜಾಗದಲ್ಲೇ ಬದುಕಬೇಕು. ಅದಕ್ಕೆ ಇಂತಿಷ್ಟು ಉಪ್ಪು ಇಷ್ಟು ತಿಂಗಳು ಬೇಕೇಬೇಕು. ಅದು ಸಿಗದಿದ್ದರೆ ಮರಿ ನಿಲ್ಲುವುದಿಲ್ಲ. ಕಡಲಿನಿಂದ ಒಳಬಂದು ಮರಿ ಬೆಳೆಸುವ ಮೀನುಗಳೂ ಉಪ್ಪಿನ ಜಾಡು ಹಿಡಿದು ಬರುವಂಥವು. ಉತ್ತರಕ್ಕೆ ಸ್ವಲ್ಪವೇ ದೂರದ ಅಘನಾಶಿನಿಯಲ್ಲಿ ಅಣೆಕಟ್ಟು ಇಲ್ಲ. ಅಲ್ಲಿ ಬೆಳಚು ಇಂದಿಗೂ ಸಾವಿರಾರು ಜನರ ಜೀವನ. ಎರಡೂ ಅಳಿವೆಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಮೀನಿನ ವೈವಿಧ್ಯ ಶರಾವತಿಯಲ್ಲಿ ಕಡಿಮೆ ಕಂಡಿದೆ. ಒಂದೇ ಮಳೆ, ಒಂದೇ ಕಡಲು, ನಡುವೆ ವ್ಯತ್ಯಾಸ ಅಣೆಕಟ್ಟಿನದು.

ಜನರ ವಿಷಯ. ಈ ತಾಲ್ಲೂಕಿನ ಭಾಷೆಗಳ ನಕ್ಷೆ ಬಿಡಿಸಿದರೆ ಅದು ನೀರಿನ ನಕ್ಷೆಯೇ ಆಗುತ್ತದೆ. ಅಳಿವೆಯ ಹತ್ತಿರ, ಟೊಂಕದ ಮೇಲೆ ಕೊಂಕಣಿ ಆಡುವ ಖಾರ್ವಿಗಳು. ಹೊಳೆಯ ದಂಡೆಯಲ್ಲಿ ಅಂಬಿಗರು. ಉಪ್ಪೋಣಿ, ವಲ್ಕಿಯಂಥ ಹೊಳೆದಂಡೆಯ ಊರುಗಳಲ್ಲಿ ನವಾಯತಿ ಮಾತಾಡುವ ನವಾಯತರು. ಹಳೆಯ ದೋಣಿ ವ್ಯಾಪಾರ ಎಲ್ಲೆಲ್ಲಿ ತಂಗುತ್ತಿತ್ತೋ ಅಲ್ಲೆಲ್ಲ ಅವರ ಮನೆಗಳಿವೆ. ಗುಡ್ಡದ ಬುಡದ ಒರತೆಯ ತೋಟಗಳಲ್ಲಿ ಹವ್ಯಕ ಕನ್ನಡ, ಗದ್ದೆಬಯಲಿನಲ್ಲಿ ಹಾಲಕ್ಕಿಗಳ ಕನ್ನಡ, ನಾಮಧಾರಿಗಳ ಕನ್ನಡ. ಪೇಟೆಯಲ್ಲಿ ಇವೆಲ್ಲ ಒಂದೇ ಅಂಗಡಿಯ ಮುಂದೆ ಸೇರುತ್ತವೆ, ಮೀನು ಮಾರುವಾಕೆ ಗಿರಾಕಿಯ ಮುಖ ನೋಡಿ ಭಾಷೆ ಬದಲಾಯಿಸುತ್ತಾಳೆ. 1862ರಲ್ಲಿ ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋದದ್ದರಿಂದ ಕಚೇರಿಯ ಮಾತಿನಲ್ಲಿ ಮರಾಠಿಯ ಛಾಯೆಯೂ ಸೇರಿತು. ಮಳೆ ನಿಂತು ಗದ್ದೆ ಕೊಯ್ದ ಮೇಲೆ ಬಯಲಾಟದ ಕಾಲ. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇದೇ ತಾಲ್ಲೂಕಿನದು. ತೆರೆದ ಗದ್ದೆಯಲ್ಲಿ ರಾತ್ರಿಯಿಡೀ ಆಡುವ ಕಲೆಗೆ ಮಳೆಯಿಲ್ಲದ ತಿಂಗಳುಗಳೇ ವೇಳಾಪಟ್ಟಿ ಬರೆದುಕೊಟ್ಟವು.

ಟೊಂಕದ ಮರಳಿಗೆ ಈಗ ಬೇಡಿಕೆ ಹೆಚ್ಚು. ಮೀನುಗಾರ ಹೆಂಗಸರಿಗೆ ಅದು ಮೀನು ಒಣಗಿಸುವ ಅಂಗಳ. ಕಡಲಾಮೆಗೆ ಮೊಟ್ಟೆಯಿಡುವ ಜಾಗ. ಪ್ರವಾಸೋದ್ಯಮಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಾಸರಕೋಡು ಬೀಚಿನ ನೆರೆ. ಬಂದರು ಕಟ್ಟುವವರಿಗೆ ನಿವೇಶನ. ಖಾಸಗಿ ಬಂದರಿನ ಯೋಜನೆಗೆ ಮೀನುಗಾರರ ವಿರೋಧ ವರ್ಷಗಳಿಂದ ನಡೆದು ನ್ಯಾಯಾಲಯದವರೆಗೂ ಹೋಗಿದೆ. ಭೂಗೋಳದ ಕಡೆಯಿಂದ ನೋಡಿದರೆ ನನ್ನ ಅನುಮಾನ ಇಷ್ಟು: ಅಳಿವೆಗೆ ತಡೆಗೋಡೆ ಕಟ್ಟಿದರೆ ದಡದ ಉದ್ದಕ್ಕೆ ನಡೆಯುವ ಮರಳು ಗೋಡೆಯ ಒಂದು ಬದಿಗೆ ರಾಶಿ ಬೀಳುತ್ತದೆ, ಇನ್ನೊಂದು ಬದಿಗೆ ಮರಳು ಸಿಗದೆ ದಡ ಕೊರೆಯುತ್ತದೆ. ದಿಬ್ಬವೂ ಮಾಯವಾಗುವುದಿಲ್ಲ, ಗೋಡೆಯ ತುದಿಗೆ ಸರಿಯುತ್ತದೆ. ಪ್ರತಿವರ್ಷ ಹೂಳೆತ್ತುವ ಖರ್ಚನ್ನು ಬಿಟ್ಟು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ.

ಕೊನೆಯದಾಗಿ ಮೇಲಿನಿಂದ ಬರುತ್ತಿರುವ ಇನ್ನೊಂದು ಯೋಜನೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್: ವಿದ್ಯುತ್ ಹೆಚ್ಚಿರುವ ಹೊತ್ತು ಕೆಳಗಿನ ನೀರನ್ನು ಮೇಲಕ್ಕೆತ್ತುವುದು, ಬೇಡಿಕೆ ಹೆಚ್ಚಿದಾಗ ಇಳಿಸುವುದು. ಚರ್ಚೆ ಬಹುಪಾಲು ಸಿಂಗಳೀಕ ಮತ್ತು ಕಾಡಿನ ಬಗ್ಗೆ ನಡೆದಿದೆ, ನಡೆಯಲೇಬೇಕು. ಆದರೆ ಕೆಳಗಿನ ಜಲಾಶಯ ಅಂದರೆ ಹೊನ್ನಾವರಕ್ಕೆ ನೀರು ಬಿಡುವ ಜಲಾಶಯ. ಅಲ್ಲಿ ನೀರು ದಿನವೂ ಏರಿ ಇಳಿಯುವಂತಾದರೆ ಗೇರುಸೊಪ್ಪೆಯಿಂದ ಕೆಳಗೆ ಬಿಡುವ ನೀರಿನ ಹೊತ್ತು, ಪ್ರಮಾಣ ಎರಡೂ ಬದಲಾಗಬಹುದು. ತೂಬಿನ ಹಲಗೆ ಎತ್ತುವವರಿಗೂ, ಬೆಳಚು ಆರಿಸುವವರಿಗೂ, ಅಳಿವೆಯಲ್ಲಿ ಇಳಿತದ ಜೋರು ಅಂದಾಜು ಮಾಡುವ ಬೋಟಿನವರಿಗೂ ಇದು ಬೇಕಾದ ಮಾಹಿತಿ. ಕೇಳಬೇಕಾದದ್ದು ಸರಳ: ಗೇರುಸೊಪ್ಪೆಯಿಂದ ಗಂಟೆಗೆ ಎಷ್ಟು ನೀರು ಬಿಡುತ್ತಾರೆ ಎಂಬ ಪಟ್ಟಿಯನ್ನು ಪ್ರತಿದಿನ ಕೆಳಗಿನ ಪಂಚಾಯಿತಿಗಳಿಗೆ ಕೊಡಬೇಕು, ಮತ್ತು ಹೊನ್ನಾವರದ ಸೇತುವೆ, ಮಾವಿನಕುರ್ವೆ, ಉಪ್ಪೋಣಿ ಈ ಮೂರು ಕಡೆಯಾದರೂ ನೀರಿನ ಉಪ್ಪನ್ನು ವರ್ಷವಿಡೀ, ಭರತದಲ್ಲೊಮ್ಮೆ ಇಳಿತದಲ್ಲೊಮ್ಮೆ, ಮೇಲ್ಮೈಯಲ್ಲೂ ತಳದಲ್ಲೂ ಅಳೆದು ಬರೆದಿಡಬೇಕು. ತಳದಲ್ಲಿ ಅಳೆಯದೆ ಬಿಟ್ಟರೆ ಸಿಹಿನೀರಿನ ಅಡಿ ನುಸುಳುವ ಉಪ್ಪು ಲೆಕ್ಕಕ್ಕೆ ಸಿಗುವುದಿಲ್ಲ. ಯೋಜನೆ ಶುರುವಾಗುವ ಮೊದಲಿನ ಎರಡು ವರ್ಷದ ಅಂಕಿ ಕೈಯಲ್ಲಿಲ್ಲದಿದ್ದರೆ, ಆಮೇಲೆ ಏನು ಬದಲಾಯಿತೆಂದು ತೋರಿಸಲು ಯಾರಿಂದಲೂ ಆಗದು.